ಮೂಗಿನ ಸಾಕ್ಷಿ

ನಮ್ಮ ಮನೆಯಲ್ಲಿ ಆಡಬಾರದ ಮಾತು ಒಂದೇ ಒಂದಿತ್ತು. ಅದು ಬೈಗುಳವಲ್ಲ; ಬೈಗುಳಗಳಿಗೆ ಅಜ್ಜಿಯ ಬಾಯಲ್ಲಿ ಧಾರಾಳ ಜಾಗವಿತ್ತು. ಆಡಬಾರದ ಮಾತು ‘ಮುಳುಗು’. ಹೊತ್ತು ಮುಳುಗಿತು ಅನ್ನುವಂತಿರಲಿಲ್ಲ, ಹೊತ್ತು ಇಳಿಯಿತು ಅನ್ನಬೇಕು. ಬೇಳೆ ಮುಳುಗುವಷ್ಟು ನೀರು ಹಾಕು ಅನ್ನುವಂತಿರಲಿಲ್ಲ, ಬೇಳೆಯ ಮೇಲೆ ಎರಡು ಬೆರಳು ನೀರು ಅನ್ನಬೇಕು. ಅಜ್ಜಿ ಕೃಷ್ಣನ ಕಥೆ ಹೇಳುವಾಗ ಕೊನೆಗೆ ದ್ವಾರಕೆಯ ಹತ್ತಿರ ಬಂದು ಒಂದು ಗಳಿಗೆ ತಡವರಿಸಿ, “ಊರಿಗೆ ಊರೇ ನೀರಿಗೆ ಇಳೀತವಾ” ಎಂದು ಮುಗಿಸುತ್ತಿದ್ದಳು. ದ್ವಾರಕೆಯ ಜನ ಸಾಲಾಗಿ ಮೆಟ್ಟಿಲಿಳಿದು ಸ್ನಾನಕ್ಕೆ ಹೋದರೆಂದೇ ನಾನು ಬಹಳ ವರ್ಷ ತಿಳಿದಿದ್ದೆ. ಈ ನಿಷೇಧ ಹಾಕಿದವನು ಅಪ್ಪ. ಪುಣೆಯ ಬಿಬವೇವಾಡಿಯಲ್ಲಿ ನಾವಿದ್ದ ಮನೆಯ ಮುಂದಿನ ಕೋಣೆಯಲ್ಲೇ ಅವನದೊಂದು ಸ್ಕೂಬಾ ಅಂಗಡಿ. ನೀರಿನ ಕೆಳಗೆ ಉಸಿರಾಡುವುದನ್ನು ಜನರಿಗೆ ಕಲಿಸುವುದು, ಅದಕ್ಕೆ ಬೇಕಾದ ಸಾಮಾನನ್ನು ಬಾಡಿಗೆಗೆ ಕೊಡುವುದು ಅಲ್ಲಿಯ ವ್ಯಾಪಾರ. ಅಂಥ ಅಂಗಡಿಯವನಿಗೆ ಆ ಒಂದು ಶಬ್ದದಲ್ಲಿ ಎರಡು ಭಯ: ಗಿರಾಕಿ ಮುಳುಗಬಾರದು, ಅಂಗಡಿಯೂ ಮುಳುಗಬಾರದು.

“ಮುಳುಗೂದು ಕಲ್ಲಿನ ಕೆಲಸ,” ಅನ್ನುತ್ತಿದ್ದ. “ಮನಷ್ಯಾ ಇಳೀತಾನ, ಏರ್ತಾನ. ತಿಳೀತೇನ ವಿಜಿ?”

ಪುಣೆಗೆ ಸಮುದ್ರವಿಲ್ಲ ಎಂದು ಅಪ್ಪನಿಗೆ ಯಾರೂ ಹೇಳಲಿಲ್ಲವೆಂದಲ್ಲ. ದಿನಕ್ಕೊಬ್ಬರಾದರೂ ಬಂದು ಹೇಳಿ ಹೋಗುತ್ತಿದ್ದರು. ಧಾರವಾಡದ ಕಡೆಯವನಾದ ಅಪ್ಪ ಚಿಕ್ಕ ವಯಸ್ಸಿನಲ್ಲೇ ಮುಂಬೈ ಸೇರಿ, ಬಂದರಿನಲ್ಲಿ ನಿಂತ ಹಡಗುಗಳ ತಳಕ್ಕೆ ಇಳಿದು ತಪಾಸಣೆ ಮಾಡುವ ಕೆಲಸದಲ್ಲಿದ್ದ. ಆ ಕೊಳಕು ನೀರು ಅವನ ಎಡಗಿವಿಯನ್ನು ಪೂರ್ತಿ ತಿಂದು, ಮೂಗಿನಿಂದ ವಾಸನೆಯನ್ನೂ ಒಯ್ದಿತ್ತು. ಡಾಕ್ಟರು ಇನ್ನು ಸಮುದ್ರ ಸಾಕು ಎಂದ ವರ್ಷವೇ ಟೆಲಿಫೋನ್ ಕಚೇರಿಯಲ್ಲಿದ್ದ ಅವ್ವನಿಗೆ ಪುಣೆಗೆ ವರ್ಗವಾಯಿತು. ಅಪ್ಪನಿಗೆ ಗೊತ್ತಿದ್ದ ವಿದ್ಯೆ ಒಂದೇ, ಅದನ್ನು ಕಟ್ಟಿಕೊಂಡು ಗುಡ್ಡಗಳ ಊರಿಗೆ ಬಂದ. ಒಂದು ಖಾಸಗಿ ಈಜುಕೊಳದವರು ಭಾನುವಾರ ಬೆಳಗ್ಗೆ ಎರಡು ತಾಸು, ಜಿಗಿಯುವ ಹಲಗೆಯ ಕೆಳಗಿನ ಹದಿನಾರು ಅಡಿ ಆಳದ ಭಾಗವನ್ನು ಬಿಟ್ಟುಕೊಡುತ್ತಿದ್ದರು. ಅದೇ ನಮ್ಮ ಸಮುದ್ರ. ಉಳಿದ ಆರು ದಿನ ಅಂಗಡಿಗೆ ಬರುತ್ತಿದ್ದವರು ಬೇರೆಯೇ. ಸೈಕಲ್ಲಿನ ಚಕ್ರಕ್ಕೆ ಗಾಳಿ ಹಾಕಿಸಲು ಬರುವವರು, ಬಾವಿಗೆ ಬಿದ್ದ ಕೊಡ ತೆಗೆದುಕೊಡಿ ಎನ್ನುವವರು, ಮನೆಯಲ್ಲಿ ದಮ್ಮಿನ ರೋಗಿಯನ್ನು ಬಿಟ್ಟು ಓಡಿ ಬರುವವರು. ಬೆಳಗಾವಿ ಕಡೆಯ ಒಬ್ಬ ಹಿರಿಯರು ತಮ್ಮ ಹೆಂಡತಿಗಾಗಿ ಸಿಲಿಂಡರ್ ಕೇಳಲು ಬಂದದ್ದು ನನಗೆ ಚೆನ್ನಾಗಿ ನೆನಪಿದೆ.

“ಇದು ಆಕ್ಸಿಜನ್ ಅಲ್ಲರೀ, ದವಾಖಾನಿಗೆ ಹೋಗ್ರಿ. ಇದರಾಗ ಬರೇ ಗಾಳಿ ಅದ.”

“ಬರೇ ಗಾಳಿ?”

“ಹೌದ್ರಿ. ಈಗ ನೀವೂ ನಾನೂ ತಗೋಳಿಕತ್ತೇವಲ್ಲ, ಅದ ಗಾಳಿ.”

ಹಿರಿಯರು ಗೋಡೆಗೆ ಸಾಲಾಗಿ ಒರಗಿಸಿಟ್ಟ ಸಿಲಿಂಡರುಗಳನ್ನು ನೋಡಿದರು, ಅಪ್ಪನನ್ನು ನೋಡಿದರು.

“ಹಂಗಾರ ಅದಕ್ಕ ಬಾಡಿಗಿ ಯಾಕ ತಗೋತೀರಿ?”

ಅಂಗಡಿ ಮುಂದಿನ ಕೋಣೆಯದೆಂದು ಹೇಳಿದೆನಾದರೂ ಅದು ಅಲ್ಲಿಗೆ ನಿಲ್ಲುವ ಅಂಗಡಿಯಾಗಿರಲಿಲ್ಲ. ನಡುಮನೆಯಲ್ಲಿ ರಬ್ಬರಿನ ಕಪ್ಪು ಅಂಗಿಗಳು ತೂಗುತ್ತಿದ್ದವು. ಪುಣೆಯ ಒಣ ಹವೆಗೆ ರಬ್ಬರು ಬಿರಿಯುತ್ತದೆಂದು ಅಜ್ಜಿ ಅವನ್ನು ವಾರಕ್ಕೊಮ್ಮೆ ತೊಡೆಯ ಮೇಲೆ ಹಾಕಿಕೊಂಡು, ಕೂಸಿಗೆ ಹಚ್ಚಿದಂತೆ ಪೌಡರು ಹಚ್ಚುತ್ತಿದ್ದಳು. ನೆಂಟರು ಬಂದು ಮಲಗಿದರೆ, ಕಣ್ಣು ಬಿಟ್ಟಾಗ ತಲೆಯಿಲ್ಲದ ನಾಲ್ಕು ಕರಿಯ ಮನುಷ್ಯರು ಮೇಲಿಂದ ನೋಡುತ್ತಿದ್ದುದರಿಂದ, ನಮ್ಮಲ್ಲಿಗೆ ನೆಂಟರು ಕಡಿಮೆ. ಅಡುಗೆಮನೆಯ ಹಿಂದಿನ ಪಡಸಾಲೆಯಲ್ಲಿ ಕಂಪ್ರೆಸರ್ ಇತ್ತು. ಅದು ಗಾಳಿ ಎಳೆಯುವ ಕೊಳವೆಯನ್ನು ಅಪ್ಪ ಒಂದು ಬಿದಿರಿಗೆ ಕಟ್ಟಿ ಮಾಳಿಗೆಯ ಮೇಲಕ್ಕೆ ಎತ್ತಿದ್ದ. ಅದರಾಚೆ ಹಿತ್ತಲು, ಹಿತ್ತಲಲ್ಲಿ ಬಚ್ಚಲು, ಬಚ್ಚಲ ಬಾಗಿಲಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಬಂಬ. ಅದರ ಹೊಟ್ಟೆಯೊಳಗೆ ಕಟ್ಟಿಗೆಚೂರು, ತೆಂಗಿನ ಚಿಪ್ಪು, ಮನೆಯ ರದ್ದಿ ಕಾಗದವೆಲ್ಲ ಉರಿದು ಹೊಗೆ ಮೇಲಿನ ಕೊಳವೆಯಿಂದ ಹೋಗುತ್ತಿತ್ತು. ಒಂದು ಮನೆಯಲ್ಲಿ ಗಾಳಿ ತುಂಬುವ ಯಂತ್ರವೂ ಹೊಗೆ ಉಗುಳುವ ಬಂಬವೂ ಹತ್ತು ಹೆಜ್ಜೆ ಅಂತರದಲ್ಲಿ ಬಾಳುವೆ ಮಾಡಬೇಕಾದರೆ ಕಟ್ಟುನಿಟ್ಟು ಬೇಕು. ಕಂಪ್ರೆಸರ್ ಶುರುವಾಗುವ ಮೊದಲು ಅಪ್ಪ ಹಿತ್ತಲ ಬಾಗಿಲಿಗೆ ಕೆಂಪು ಟವೆಲ್ಲು ತೂಗುಹಾಕುತ್ತಿದ್ದ. ಟವೆಲ್ಲು ತೂಗಿದೆಯೆಂದರೆ ಒಲೆ ಇಲ್ಲ, ಒಗ್ಗರಣೆ ಇಲ್ಲ, ಊದಿನಕಡ್ಡಿ ಇಲ್ಲ, ಬಂಬ ಅಂತೂ ಇಲ್ಲವೇ ಇಲ್ಲ. ಅಂದಿನ ಮಧ್ಯಾಹ್ನದ ಊಟ ತಣ್ಣಗಿನ ಸಜ್ಜೆರೊಟ್ಟಿ, ಮೊಸರು, ಶೇಂಗಾಚಟ್ನಿ. ನಮ್ಮ ಮನೆಯಲ್ಲಿ ಅದಕ್ಕೆ ‘ಗಾಳಿ ಊಟ’ ಎಂದೇ ಹೆಸರು. ದೇವರು ಕೂಡ ಅವತ್ತು ಗಾಳಿ ಊಟವನ್ನೇ ಮಾಡುತ್ತಿದ್ದ.

ಒಮ್ಮೆ ಅಜ್ಜಿ ಮರೆತು ಒಗ್ಗರಣೆ ಹಾಕಿಬಿಟ್ಟಳು. ಆ ಭಾನುವಾರ ಈಜುಕೊಳದಲ್ಲಿ ಲೇಲೆ ಕಾಕಾ ನೀರಿನಿಂದ ತಲೆ ಎತ್ತಿ, ಬಾಯೊಳಗಿನ ರಬ್ಬರು ತೆಗೆದು, “ಆಜ ಹವೇಲಾ ಫೋಡಣೀಚಾ ವಾಸ ಯೇತೋಯ” ಎಂದರು. ಇವತ್ತು ಗಾಳಿಗೆ ಒಗ್ಗರಣೆ ವಾಸನೆ. ಮನೆಗೆ ಬಂದು ಹೇಳಿದರೆ ಅಜ್ಜಿ ಹೆದರಲಿಲ್ಲ, ನಾಚಲೂ ಇಲ್ಲ.

“ಇಂಗು ಹೆಚ್ಚಾಗಿತ್ತಂತೇನು? ಕೇಳಬೇಕಿಲ್ಲೋ!”

ಲೇಲೆ ಕಾಕಾ ಅಪ್ಪನ ಅತಿ ನಿಷ್ಠೆಯ ವಿದ್ಯಾರ್ಥಿ. ಬಿಡಿಸಿ ಹೇಳಬೇಕೆಂದರೆ, ಎಲ್ಲ ತಿಂಗಳೂ ಬರುತ್ತಿದ್ದ ಏಕೈಕ ವಿದ್ಯಾರ್ಥಿ. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಬಡಕಲು ಮೈ, ರಬ್ಬರ್ ಅಂಗಿ ತೊಟ್ಟರೆ ಒದ್ದೆ ಕೊಡೆಯಂತೆ ಕಾಣುತ್ತಿದ್ದರು. ಯಾವುದೋ ಪತ್ರಿಕೆಯಲ್ಲಿ ಹವಳದ ದಂಡೆಯ ಬಣ್ಣದ ಚಿತ್ರ ನೋಡಿ, ಸಾಯುವುದರೊಳಗೆ ಒಂದು ಸಲ ಅದನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದಿದ್ದರು. ಮಳೆಗಾಲ ಕಳೆದ ಮೇಲೆ ಅವರನ್ನು ಮಾಲವಣಕ್ಕೆ ಕರೆದೊಯ್ದು ನಿಜವಾದ ಸಮುದ್ರಕ್ಕೆ ಇಳಿಸುವುದೆಂದು ಅಪ್ಪ ಮಾತು ಕೊಟ್ಟಿದ್ದ. ಮನೆಗೆ ಬಂದಾಗಲೆಲ್ಲ ಕಾಕಾ ನನ್ನ ಕಡೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸುತ್ತಿದ್ದರು. ನೀರಿನೊಳಗೆ ಎಲ್ಲ ಸರಿಯಿದೆ ಎನ್ನುವ ಸನ್ನೆ ಅದು. ನಾನೂ ಸೊನ್ನೆ ಮಾಡಿ ತೋರಿಸಬೇಕು. ತೋರಿಸುವತನಕ ಚಹಾ ಮುಟ್ಟುತ್ತಿರಲಿಲ್ಲ.

ಒಗ್ಗರಣೆಯ ಆ ಪ್ರಸಂಗದ ಮೇಲೆ ಅಪ್ಪ ನನಗೊಂದು ಕೆಲಸ ಕೊಟ್ಟ. ಅವನ ಮೂಗಿಗೆ ವಾಸನೆಯಿಲ್ಲ. ನನ್ನ ಮೂಗು ಮನೆಯಲ್ಲೇ ಹೆಸರಾದದ್ದು. ಹಾಲು ಒಡೆಯುವ ಮೊದಲೇ ಹೇಳುತ್ತಿದ್ದೆನೆಂದು ಅಜ್ಜಿ ದಿನಾ ಬೆಳಗ್ಗೆ ಪಾತ್ರೆಯನ್ನು ನನ್ನ ಮುಖದ ಹತ್ತಿರ ಹಿಡಿಯುತ್ತಿದ್ದಳು. ಇನ್ನು ಮೇಲೆ ತುಂಬಿದ ಪ್ರತಿ ಸಿಲಿಂಡರಿನ ಕೊರಳ ತಿರುಪನ್ನು ತುಸುವೇ ತಿರುವಿ ನಾನು ಮೂಸಬೇಕು, ಸರಿಯಿದ್ದರೆ ಸೀಮೆಸುಣ್ಣದಲ್ಲಿ ಸರಿ ಗುರುತು ಹಾಕಬೇಕು. ಹದಿಮೂರು ವರ್ಷದವಳ ಆ ಗುರುತನ್ನು ಅಪ್ಪ ಸರಕಾರಿ ಮುದ್ರೆಯಂತೆ ನಂಬುತ್ತಿದ್ದ. ಒಂದು ಸಲ, ಪಕ್ಕದ ಓಣಿಯಲ್ಲಿ ಡಾಂಬರು ಹಾಕುತ್ತಿದ್ದಾಗ, ಅನುಮಾನದಿಂದ “ವಾಸನಿ ಅದ ಅಪ್ಪಾ” ಎಂದೆ. ಒಂದು ಸಿಲಿಂಡರು ತುಂಬಲು ಎರಡು ತಾಸು ಬೇಕು. ಅಪ್ಪ ‘ಖರೇನಾ?’ ಅಂತಲೂ ಕೇಳಲಿಲ್ಲ. ಸಿಲಿಂಡರನ್ನು ಹಿತ್ತಲಿಗೆ ಒಯ್ದು ಸುಯ್ಯೆಂದು ಪೂರ್ತಿ ಖಾಲಿ ಮಾಡಿ, ಮತ್ತೆ ಮೊದಲಿನಿಂದ ತುಂಬಿದ.

“ನಾರೋ ಗಾಳಿ ಮಂದಿಗೆ ಹೇಳಿ ಬರ್ತದ,” ಎಂದು ಅವತ್ತು ಕೂರಿಸಿಕೊಂಡು ತಿಳಿಸಿದ. “ಇನ್ನೊಂದು ಅದ, ಅದಕ್ಕ ವಾಸನೀನ ಇಲ್ಲ. ಬೆಂಕಿ ಉರೀದ ಹೊಗಿಯಾಡತದಲ್ಲ, ಅದರಾಗ ಇರ್ತದ. ಯಂತ್ರ ಭಾಳ ಕಾದ್ರ ಅದರ ಎಣ್ಣ್ಯಾಗೂ ಹುಟ್ತದ. ಅದು ಯಾರ ಮೂಗಿಗೂ ಸಿಗೂದಿಲ್ಲ. ಹಂಗಾಗಿ ಸಿಗೂ ಅಂಥಾದ್ದನ್ನ ನೀ ಬಿಡಬಾರದು.”

ಇಷ್ಟು ತಿಳಿದ ಹುಡುಗಿ ಮಾಡಿದ್ದನ್ನು ಹೇಳುವ ಮೊದಲು ಕರಪತ್ರದ ಕಥೆ ಹೇಳಬೇಕು. ಒಬ್ಬ ಲೇಲೆ ಕಾಕಾರಿಂದ ಅಂಗಡಿ ನಡೆಯುವುದಿಲ್ಲವೆಂದು ಅಪ್ಪ ಮರಾಠಿಯಲ್ಲಿ ತಾನೇ ಒಂದು ಕರಪತ್ರ ಬರೆದ. ಅಪ್ಪನ ಮರಾಠಿ ಬಂದರಿನ ಮರಾಠಿ; ಅದರಲ್ಲಿ ಎಲ್ಲವನ್ನೂ ಹೇಳಬಹುದಿತ್ತು, ಏನನ್ನೂ ತಿದ್ದಲಾಗುತ್ತಿರಲಿಲ್ಲ. ಮುಳುಗು ಎನ್ನುವುದಕ್ಕೆ ಆ ಭಾಷೆಯಲ್ಲಿರುವ ಶಬ್ದವನ್ನು ಅವನು ಮುಟ್ಟುವುದು ಸಾಧ್ಯವೇ ಇರಲಿಲ್ಲ. ಹಾಗಾಗಿ ಇಳಿಯಿರಿ ಎನ್ನಲು ‘ಉತರಾ’ ಎಂದು ಬರೆದ. ಆಳಕ್ಕೆ ಎನ್ನಲು ‘ಖೋಲೀತ’ ಎಂದು ಬರೆದ. ಎರಡೂ ತಪ್ಪಲ್ಲ. ಆದರೆ ಮರಾಠಿಯಲ್ಲಿ ಖೋಲಿ ಎಂದರೆ ಆಳವೂ ಹೌದು, ನಮ್ಮ ಕಡೆ ಹೇಳುವಂತೆ ಕೋಣೆಯೂ ಹೌದು. ಉತರಾ ಎಂದರೆ ಇಳಿಯಿರಿ ಎಂದೂ ಆಗುತ್ತದೆ, ತಂಗಿರಿ ಎಂದೂ ಆಗುತ್ತದೆ. ನೀರಿಗೆ ಒಬ್ಬರೇ ಇಳಿಯಬಾರದು, ಯಾವಾಗಲೂ ಇಬ್ಬರು ಇರಬೇಕು ಎನ್ನುವುದು ಅವರ ಕಸುಬಿನ ಮೊದಲ ನಿಯಮ. ಅದನ್ನೂ ಸೇರಿಸಿದ. ಕೊನೆಗೆ ಅಚ್ಚಾಗಿ ಬಂದದ್ದು ಇದು: ಮೇಲೆ ದಪ್ಪಕ್ಷರದಲ್ಲಿ ಅಂಗಡಿಯ ಹೆಸರು ‘ಜಲವಿಹಾರ’. ಅದರ ಕೆಳಗೆ, “ಏಕಟೇ ನಕೋ, ಜೋಡೀನೇ ಯಾ. ಬಿನಧಾಸ್ತ ಖೋಲೀತ ಉತರಾ. ಪಹಿಲಾ ತಾಸ ಮೋಫತ.” ಒಬ್ಬರೇ ಬೇಡ, ಜೋಡಿಯಾಗಿ ಬನ್ನಿ. ನಿಶ್ಚಿಂತೆಯಿಂದ ಕೋಣೆಯಲ್ಲಿ ತಂಗಿ. ಮೊದಲ ತಾಸು ಪುಕ್ಕಟೆ. ಅದರ ಕೆಳಗೆ ನಮ್ಮ ಮನೆಯ ವಿಳಾಸ. ಮೂಲೆಯಲ್ಲಿ ಸಣ್ಣಗೆ ಸ್ಕೂಬಾ.

ಅಪ್ಪ ಒಂದು ದೊಡ್ಡ ಕಟ್ಟನ್ನು ಶಾಲೆಯಲ್ಲಿ ಹಂಚಲು ನನ್ನ ಕೈಗೆ ಕೊಟ್ಟ. ಶುಕ್ರವಾರ ಮಧ್ಯಂತರದಲ್ಲಿ ಮೊದಲ ಹಾಳೆಯನ್ನು ನನ್ನ ಗೆಳತಿ ಸ್ಮಿತಾಳಿಗೆ ಕೊಟ್ಟೆ. ಅವಳು ಓದಿದಳು, ಸುತ್ತ ನೋಡಿದಳು, ನನ್ನನ್ನು ನಲ್ಲಿ ಕಟ್ಟೆಯ ಹಿಂದೆ ಎಳೆದೊಯ್ದಳು.

“ವಿಜೂ, ತುಝ್ಯಾ ಬಾಬಾಂನೀ ಲಾಜ್ ಕಾಢಲಂಯ ಕಾ?”

ನಿನ್ನ ಅಪ್ಪ ಲಾಡ್ಜ್ ತೆಗೆದಿದ್ದಾರಾ ಎಂದು. ಎಂಥ ಲಾಡ್ಜಿನಲ್ಲಿ ತಾಸಿನ ಲೆಕ್ಕ ಇರುತ್ತದೆಂಬುದನ್ನೂ ಅವಳೇ ಕಿವಿಯಲ್ಲಿ ತಿಳಿಸಿದಳು, ಅವಳಿಗೆ ಅಣ್ಣಂದಿರಿದ್ದರು. ಸ್ಕೂಬಾ ಎನ್ನುವುದು ಮಾಲೀಕರ ಅಡ್ಡಹೆಸರೇನು ಎಂದೂ ಕೇಳಿದಳು. ನಾನು ನಗಲು ನೋಡಿದೆ. ಉಳಿದ ಕಟ್ಟನ್ನು ಚೀಲದ ತಳಕ್ಕೆ ತುರುಕಿ, ಆ ಚೀಲವನ್ನು ಎದೆಗವುಚಿಕೊಂಡು ಮನೆಗೆ ಬಂದರೆ ಅಂಗಡಿಯಲ್ಲಿ ಒಂದು ಜೋಡಿ ಕೂತಿತ್ತು. ಹುಡುಗ ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಹುಡುಗಿಯ ಓಢಣಿ ಕಣ್ಣಿನವರೆಗೆ ಇಳಿದಿತ್ತು. ಅಪ್ಪ ಪೇಟೆಯಲ್ಲೂ ಹಂಚಿಸಿದ್ದನೆಂಬುದು ನನಗೆ ಗೊತ್ತಿರಲಿಲ್ಲ. ಮೊದಲ ಸಲ ತಾನಾಗಿ ಬಂದ ಜೋಡಿಯನ್ನು ಕಂಡು ಅವನ ಮುಖ ಹಬ್ಬದ ಮುಖವಾಗಿತ್ತು. ಅಜ್ಜಿ ಆಗಲೇ ನೀರು ಬೆಲ್ಲ ಕೊಟ್ಟು, ಯಾವೂರವಾ ನಿಮ್ಮದು, ಮದುವಿಯಾಗಿ ಎಷ್ಟು ದಿನಾತು ಎಂದು ಕನ್ನಡದಲ್ಲೇ ಕೇಳುತ್ತಿದ್ದಳು.

“ಘಾಬರೂ ನಕಾ,” ಎಂದು ಅಪ್ಪ ಹುಡುಗನಿಗೆ ಧೈರ್ಯ ಹೇಳಿದ. “ಪಹಿಲಾ ತಾಸ ಮೀ ಸ್ವತಃ ತುಮಚ್ಯಾಬರೋಬರ ಅಸತೋ.”

ಹೆದರಬೇಡಿ, ಮೊದಲ ತಾಸು ಸ್ವತಃ ನಾನೇ ನಿಮ್ಮ ಜೊತೆಗಿರುತ್ತೇನೆ. ಹುಡುಗಿ ಎದ್ದ ರಭಸಕ್ಕೆ ಬೆಲ್ಲದ ತಟ್ಟೆ ಉರುಳಿತು. ಇಬ್ಬರೂ ಓಣಿ ದಾಟುವವರೆಗೆ ಹಿಂದೆ ನೋಡಲಿಲ್ಲ.

“ನೀರಂದ್ರ ಅಂಜತಾರ ಮಂದಿ,” ಎಂದ ಅಪ್ಪ, ಬಾಗಿಲಲ್ಲಿ ನಿಂತು. “ಇರಲಿ. ನಿನ್ನ ಸಾಲಿಯೊಳಗ ಹಂಚಿದೇನ?”

“ಹಂಚೀನಿ.”

ಅವನಿಗೆ ಅರ್ಥ ಬಿಡಿಸಿ ಹೇಳಬಹುದಿತ್ತು. ಹೇಳಲು ಬೇಕಾದ ಶಬ್ದಗಳು ನನ್ನ ಬಾಯಲ್ಲಿರಲಿಲ್ಲ. ಅಪ್ಪನ ಎದುರು ಇರಬಾರದ ಶಬ್ದಗಳು ಅವು. ಅವ್ವನಿಗಾದರೂ ಹೇಳಬಹುದಿತ್ತು, ಆ ವಾರ ಅವಳಿಗೆ ಎರಡನೇ ಪಾಳಿ. ನಿಜ ಹೇಳಬೇಕೆಂದರೆ ಹೇಳುವ ಯೋಚನೆಯೇ ಬರಲಿಲ್ಲ. ಬಂದದ್ದು ಒಂದೇ ಯೋಚನೆ, ಕಟ್ಟು ಕಾಣೆಯಾಗಬೇಕು. ಕಸದಲ್ಲಿ ಎಸೆದರೆ ಯಾರಾದರೂ ಹೆಕ್ಕಿಯಾರು, ವಿಳಾಸವಿದೆ. ಹರಿದರೆ ಚೂರು ಸೇರಿಸಿ ಓದಿಯಾರು. ಆ ವಯಸ್ಸಿಗೇ ನನ್ನ ಚಿಂತೆಗಳು ಹೀಗೆ ಪರಿಪೂರ್ಣವಾಗಿದ್ದವು. ನಮ್ಮ ಮನೆಯಲ್ಲಿ ಕಾಗದಕ್ಕೆ ಒಂದೇ ದಾರಿ, ಬಂಬ.

ಮರುದಿನ ಶನಿವಾರ, ಮಧ್ಯಾಹ್ನ. ಅಜ್ಜಿ ಭಜನೆಗೆ ಹೋಗಿದ್ದಳು. ಹಿತ್ತಲ ಬಾಗಿಲಲ್ಲಿ ಕೆಂಪು ಟವೆಲ್ಲು ತೂಗುತ್ತಿತ್ತು. ನಾನು ನೋಡಲಿಲ್ಲ ಎನ್ನಲಾರೆ; ಅದನ್ನು ಕೈಯಿಂದ ಸರಿಸಿಯೇ ಹಿತ್ತಲಿಗೆ ಹೋದೆ. ಕಂಪ್ರೆಸರ್ ಗುಡುಗುತ್ತಿತ್ತು, ಎರಡು ಸಿಲಿಂಡರು ತುಂಬಿ ಮೂರನೆಯದು ನಡೆದಿತ್ತು, ಅಪ್ಪ ಮುಂದಿನ ಕೋಣೆಯಲ್ಲಿ ಯಾರಿಗೋ ಇದು ಆಕ್ಸಿಜನ್ ಅಲ್ಲ ಎಂದು ಹೇಳುತ್ತಿದ್ದ. ಗಾಳಿ ಬಿದಿರಿನಿಂದ ಆಚೆಗೆ ಬೀಸುತ್ತಿದೆ, ಹೊಗೆ ಆ ಕಡೆಗೇ ಹೋಗುತ್ತದೆ ಎಂದುಕೊಂಡೆ. ಕಟ್ಟನ್ನು ಬಿಡಿಸದೆ ಹಾಗೇ ಬಂಬದ ಹೊಟ್ಟೆಗೆ ತುರುಕಿ ಕಡ್ಡಿ ಗೀರಿದೆ. ಕಟ್ಟಿನ ಕಾಗದ ಉರಿಯಲಿಲ್ಲ, ಅಂಚಿನಿಂದ ಕೆಂಪಾಗಿ ಹೊಗೆಯಾಡತೊಡಗಿತು. ಹೊಗೆ ಕಂಡು ಅಪ್ಪ ಬಂದಾನೆಂದು ಹೆದರಿ ಮೇಲಿನ ಮುಚ್ಚಳ ಮುಚ್ಚಿದೆ. ಹೊಗೆ ಬಿರುಕುಗಳಿಂದ ತೆಳ್ಳಗೆ, ಸದ್ದಿಲ್ಲದೆ ಏಳುತ್ತಲೇ ಇತ್ತು, ಗಾಳಿ ಎಳೆಯುವ ಕೊಳವೆಯ ಬಿದಿರು ಇದ್ದ ಕಡೆಗೇ.

ಸಂಜೆ ಅಪ್ಪ ಕರೆದ. ಮೊದಲನೆಯದು ಮೂಸಿದೆ, ಸರಿ ಇತ್ತು. ಎರಡನೆಯದು ಸರಿ ಇತ್ತು. ಮೂರನೆಯದನ್ನು ತುಸು ತಿರುವಿದೆ. ಬಹಳ ದೂರದಲ್ಲಿ ಯಾರೋ ಕಾಗದ ಸುಟ್ಟಂಥ ವಾಸನೆ. ಇಷ್ಟೇ ಇಷ್ಟು. ಬೇರೆ ಯಾರಿಗೂ ಸಿಗುತ್ತಿರಲಿಲ್ಲವೇನೋ.

“ಹೆಂಗದ?” ಅಪ್ಪ ಬಾಗಿಲಿಂದ ಕೇಳಿದ.

ವಾಸನೆಯಿದೆ ಎಂದರೆ, ಏನು ವಾಸನೆ ಎಂದು ಕೇಳಿಯಾನು. ಕಾಗದ ಎಂದರೆ, ಯಾವ ಕಾಗದ ಎಂದು ಕೇಳಿಯಾನು.

“ಛಲೋ ಅದ ಅಪ್ಪಾ,” ಎಂದು ಸೀಮೆಸುಣ್ಣದಲ್ಲಿ ಸರಿ ಗುರುತು ಹಾಕಿದೆ. ಆ ಗುರುತು ಉಳಿದೆರಡಕ್ಕಿಂತ ದೊಡ್ಡದಾಗಿ, ಅಂದವಾಗಿ ಬಂತು.

ಭಾನುವಾರ ಈಜುಕೊಳದ ಅಂಚಿನಲ್ಲಿ ಗಡಿಯಾರ ಹಿಡಿದು ಕೂರುವುದು ಕೂಡ ನನ್ನ ಕೆಲಸ. ಮೂರನೆಯದು ಲೇಲೆ ಕಾಕಾರ ಬೆನ್ನಿಗೆ ಹೋಯಿತು. ಮಾಲವಣಕ್ಕೆ ಹೋಗಲು ಎರಡೇ ವಾರ ಉಳಿದಿತ್ತು. ಕಾಕಾ ಎಂದಿನಂತೆ ಸೊನ್ನೆ ಮಾಡಿ ತೋರಿಸಿದರು. ನಾನೂ ಸೊನ್ನೆ ಮಾಡಿ ತೋರಿಸಿದೆ. ಇಬ್ಬರೂ ಇಳಿದ ಮೇಲೆ ನೀರಿನ ಮೇಲೆ ಎರಡು ಕಡೆ ಗುಳ್ಳೆ ಏಳುತ್ತಿದ್ದವು, ಅಪ್ಪನದು ನಿಧಾನವಾಗಿ, ಕಾಕಾರದು ಸ್ವಲ್ಪ ಅವಸರದಲ್ಲಿ. ಎಷ್ಟೋ ಭಾನುವಾರ ಆ ಗುಳ್ಳೆ ನೋಡುತ್ತ ನಾನು ತೂಕಡಿಸಿದ್ದೇನೆ. ಅವತ್ತು ಒಂದೊಂದನ್ನೂ ಎಣಿಸಿದೆ. ಹತ್ತು ನಿಮಿಷ ಏನೂ ಆಗಲಿಲ್ಲ. ಏನೂ ಆಗುವುದಿಲ್ಲ ಎಂದುಕೊಂಡೆ. ಹದಿನೈದಕ್ಕೆ ಕಾಕಾರ ಗುಳ್ಳೆಗಳು ಗಡಿಬಿಡಿಯಲ್ಲಿ ಎದ್ದವು. ಆಮೇಲೆ ವಿರಳವಾದವು. ನಾನು ಎದ್ದುನಿಂತು “ಅಪ್ಪಾ” ಎಂದು ಕೂಗಿದೆ, ಹದಿನಾರು ಅಡಿ ನೀರಿನ ಕೆಳಗಿದ್ದವನಿಗೆ. ಕೇಳುವ ಕಡೆ ಹೇಳದ್ದನ್ನು ಕೇಳದ ಕಡೆ ಕೂಗಿದೆ.

ಅಪ್ಪನೇ ಗಮನಿಸಿ ಅವರನ್ನು ಎತ್ತಿಕೊಂಡು ಮೇಲೆ ಬಂದ. ಕಾಕಾರ ತುಟಿ ಅಸ್ವಾಭಾವಿಕವಾಗಿ ಕೆಂಪಗಿತ್ತು, ಕಣ್ಣು ತೇಲುತ್ತಿತ್ತು. ಅಂಚಿನಲ್ಲಿ ಮಲಗಿಸಿದ ಕೂಡಲೇ ವಾಂತಿ ಮಾಡಿಕೊಂಡರು. ಅಪ್ಪ ಅವರ ಬೆನ್ನಿನ ಸಾಮಾನು ಬಿಚ್ಚಿ ಎಸೆದು, ಒದ್ದೆ ಮೈಯಲ್ಲೇ ಎತ್ತಿಕೊಂಡು ರಿಕ್ಷಾದತ್ತ ಓಡಿದ. “ಸಾಮಾನು ನೋಡಿಕೋ!” ಎಂದು ನನಗೆ ಹೇಳಿ ಹೋದ. ನೋಡಿಕೊಂಡೆ. ಯಾರೂ ಇಲ್ಲದಾಗ ಆ ಸಿಲಿಂಡರಿನ ಕೊರಳ ತಿರುಪನ್ನು ಪೂರ್ತಿ ತಿರುವಿ, ಒಳಗೆ ಉಳಿದ ಗಾಳಿಯನ್ನೆಲ್ಲ ಖಾಲಿ ಮಾಡಿದೆ. ಸುಯ್ಯೆನ್ನುವ ಆ ಸದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಸುಟ್ಟ ಕಾಗದದ ವಾಸನೆ ಮುಖಕ್ಕೇ ಹೊಡೆಯುತ್ತಿತ್ತು. ಆಮೇಲೆ ಒದ್ದೆ ಕೈಯಿಂದ ಸರಿ ಗುರುತನ್ನೂ ಒರೆಸಿದೆ.

ಕಾಕಾ ಬದುಕಿದರು. ಈ ವಾಕ್ಯವನ್ನು ಮೊದಲೇ ಬರೆಯಬೇಕಿತ್ತು, ನಾನು ಇಷ್ಟು ಹೊತ್ತು ಅದನ್ನು ಹಿಡಿದಿಟ್ಟದ್ದೂ ಒಂದು ಬಗೆಯ ಕಳ್ಳತನವೇ. ದವಾಖಾನೆಯಲ್ಲಿ ಎರಡು ದಿನ ಇಟ್ಟು ಅವರಿಗೆ ನಿಜವಾದ ಆಕ್ಸಿಜನ್ ಕೊಟ್ಟರು. ಹೊಗೆಯೊಳಗಿನ ವಿಷಗಾಳಿ ಮೈಗೆ ಸೇರಿದಂತಿದೆ ಎಂದು ಡಾಕ್ಟರು ಹೇಳಿದ್ದನ್ನು ಕೇಳಿಕೊಂಡು ಅಪ್ಪ ಆ ಭಾನುವಾರ ಮಧ್ಯಾಹ್ನವೇ ಮನೆಗೆ ಬಂದ. ಬಂದವನು ಕಂಪ್ರೆಸರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದ. ನನ್ನನ್ನು ಕರೆದು, ತನ್ನ ಸರಿಯಿದ್ದ ಬಲಗಿವಿಯ ಕಡೆ ಕೂರಿಸಿಕೊಂಡ.

“ವಿಜಿ, ಮೂರನೇದು ನಿನ್ನಿ ಮೂಸಿದ್ದಿಯಲ್ಲ?”

“ಹೂಂ.”

“ವಾಸನಿ?”

“ಇರಲಿಲ್ಲ.”

“ಬರೋಬರಿ ನೆನಪ ಮಾಡ್ಕೋ. ಎಣ್ಣಿದು, ಸುಟ್ಟದ್ದು, ಏನರೆ? ಸಿಟ್ಟ ಮಾಡೂದಿಲ್ಲ.”

“ಏನೂ ಇರಲಿಲ್ಲ ಅಪ್ಪಾ. ಛಲೋ ಇತ್ತು.”

ಅವನು ಬಹಳ ಹೊತ್ತು ತಲೆಯಾಡಿಸಿದ. ಅವನ ಮುಖದಲ್ಲಿ ಮೂಡಿದ್ದು ನಂಬಿಕೆಯೇ ಹೊರತು ಬೇರೇನಲ್ಲ.

“ನಿನ್ನ ಮೂಗಿಗೆ ಸಿಗಲಿಲ್ಲ ಅಂದ್ರ ಅದು ಆ ಇನ್ನೊಂದು ಗಾಳಿ. ಯಂತ್ರದ ಹೊಟ್ಟ್ಯಾಗ ಎಣ್ಣಿ ಕಾದು ಹುಟ್ಟೇದ. ಯಂತ್ರ ಹಳೇದಾತು, ನಾ ನೋಡಬೇಕಿತ್ತು. ತಪ್ಪು ನಂದ.”

ನನ್ನ ಮೂಗೇ ಅವನ ವಿರುದ್ಧ ಸಾಕ್ಷಿ ಹೇಳಿತು. ಹೊಗೆ ಹೊಕ್ಕಿದೆ ಎಂದು ಗೊತ್ತಾಗಿದ್ದರೆ ಅಪ್ಪ ನನ್ನ ಕೆನ್ನೆಗೆ ಎರಡು ಬಿಟ್ಟು, ಬಂಬವನ್ನು ಹಿತ್ತಲಿಂದ ಕಿತ್ತೆಸೆದು, ಕಾಕಾರ ಕಾಲು ಹಿಡಿದು, ಅಂಗಡಿ ನಡೆಸಿಕೊಂಡು ಹೋಗುತ್ತಿದ್ದ. ಆದರೆ ಯಾರ ಮೂಗಿಗೂ ಸಿಗದ ವಿಷವನ್ನು ತನ್ನ ಯಂತ್ರವೇ ಹುಟ್ಟಿಸುತ್ತದೆಂದ ಮೇಲೆ, ಇನ್ನೊಬ್ಬರ ಬಾಯಿಗೆ ಆ ರಬ್ಬರು ಕೊಡುವ ಧೈರ್ಯ ಅವನಿಗೆ ಉಳಿಯಲಿಲ್ಲ. ಹೊಸ ಯಂತ್ರ ತಂದರೂ ಉಳಿಯುತ್ತಿರಲಿಲ್ಲ. ಆ ವಾರವೇ ಜಲವಿಹಾರದ ಹಲಗೆ ಕೆಳಗಿಳಿಸಿದ. ಊಟಕ್ಕೆ ಕೂತಾಗ ಅವ್ವ ಮಾತ್ರ ತಡೆಯಲಾರದೆ ಕೇಳಿದಳು.

“ಅಲ್ಲರೀ, ಒಂದ ಸಲ ಹಿಂಗಾತಂತ ಅಂಗಡಿ ಮುಳುಗಿಸಿಬಿಡ್ತೀರೇನು?”

ಆ ಮನೆಯಲ್ಲಿ ಆ ಶಬ್ದವನ್ನು ಕೇಳಿದ್ದು ನಾನು ಅದೇ ಮೊದಲು. ಅಜ್ಜಿಯ ಕೈ ಅನ್ನದ ಮೇಲೆ ನಿಂತಿತು. ಅಪ್ಪ ಅದನ್ನು ತಿದ್ದಲಿಲ್ಲ. ತಟ್ಟೆ ನೋಡುತ್ತ ಕಲಸಿದ್ದನ್ನೇ ಮತ್ತೆ ಕಲಸಿದ.

ವಾರ ಕಳೆದು ಲೇಲೆ ಕಾಕಾ ಕೋಲೂರಿಕೊಂಡು ಮನೆಗೆ ಬಂದರು, ಚೀಲದ ತುಂಬ ಸೀತಾಫಲ ಹಿಡಿದು. ಅಪ್ಪ ಅವರೆದುರು ಕೈ ಜೋಡಿಸಿದರೆ, ಛೇ ಛೇ, ನನ್ನ ಎದೆಯಲ್ಲೇ ದಮ್ಮಿಲ್ಲ, ಮುದುಕನಿಗೆ ಈ ಹುಚ್ಚು ಬೇಕಿತ್ತಾ ಎಂದು ಅವರು ತಮ್ಮನ್ನೇ ಬೈದುಕೊಂಡರು. ಸಮುದ್ರದ ಹೆಸರೆತ್ತಿದರೆ ಹೆಂಡತಿ ಮಾತು ಬಿಡುತ್ತಾಳಂತೆ. ಅವರು ಮಾಲವಣಕ್ಕೆ ಹೋಗಲೇ ಇಲ್ಲ. ಅಪ್ಪ ಯಂತ್ರದ ತಪ್ಪು ತನ್ನದೆಂದ, ಕಾಕಾ ಎದೆಯ ತಪ್ಪು ತಮ್ಮದೆಂದರು, ಹಳೆಯ ಯಂತ್ರವೇ ಇನ್ನೊಂದು ವರ್ಷ ನಡೆಯಲಿ ಎಂದದ್ದು ತಾನೇ ಎಂದು ಅವ್ವನೂ ಸ್ವಲ್ಪ ತೆಗೆದುಕೊಂಡಳು. ಎಲ್ಲರೂ ಹೀಗೆ ಹಂಚಿಕೊಂಡು ನನ್ನ ಪಾಲಿಗೆ ಏನೂ ಉಳಿಯಲಿಲ್ಲ. ಹೊರಡುವಾಗ ಕಾಕಾ ನನ್ನ ಕಡೆ ತಿರುಗಿ ಸೊನ್ನೆ ಮಾಡಿ ತೋರಿಸಿದರು. ನಾನು ಸೀತಾಫಲದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಕೈ ಖಾಲಿಯಿಲ್ಲವೆಂಬ ನೆಪ ಸಿಕ್ಕಿತು.

ಅಜ್ಜಿಯೊಬ್ಬಳ ವಿಷಯ ನನಗೆ ಇಂದಿಗೂ ತಿಳಿಯದು. ಆ ಭಾನುವಾರ ನಸುಕಿನಲ್ಲಿ ಬಂಬ ಹಚ್ಚುವ ಮೊದಲು ಬೂದಿ ತೆಗೆದವಳು ಅವಳೇ. ಕಟ್ಟುಗಟ್ಟಿದ ಕಾಗದ ನಡುವೆ ಪೂರ್ತಿ ಸುಡುವುದಿಲ್ಲ. ದೇವರ ಪುಸ್ತಕ ಓದುವಷ್ಟು ಮರಾಠಿ ಲಿಪಿ ಅವಳಿಗೆ ಬರುತ್ತಿತ್ತು. ಅವಳು ಏನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಆದರೆ ಅಂಗಡಿ ಮುಚ್ಚಿದ ಮೇಲೆ ಒಂದು ದಿನವೂ ಹಾಲಿನ ಪಾತ್ರೆಯನ್ನು ನನ್ನ ಮುಖದ ಹತ್ತಿರ ಹಿಡಿಯಲಿಲ್ಲ. ತಾನೇ ಮೂಸುತ್ತಿದ್ದಳು, ತಪ್ಪುತ್ತಿದ್ದಳು, ಒಡೆದ ಹಾಲನ್ನು ಕುಂದಾ ಮಾಡುತ್ತಿದ್ದಳು. ಆ ವರ್ಷ ನಾವು ತಿಂದಷ್ಟು ಕುಂದಾ ಬೆಳಗಾವಿಯವರೂ ತಿಂದಿರಲಾರರು.

ಅಪ್ಪ ಕುರಕುಂಭದ ಒಂದು ರಾಸಾಯನಿಕ ಕಾರಖಾನೆಯಲ್ಲಿ ಟ್ಯಾಂಕುಗಳ ಒಳಗೆ ಇಳಿಯುವ ಕೆಲಸಗಾರರ ಮೇಲ್ವಿಚಾರಣೆಗೆ ಸೇರಿದ. ನಿವೃತ್ತನಾಗುವವರೆಗೆ ದಿನಾ ಹೋಗಿ ಬಂದ. ವಾಸನೆ ಗೊತ್ತಾಗದ ಮನುಷ್ಯ ಅಂಥ ಜಾಗದಲ್ಲಿ ದಿನ ಕಳೆಯುತ್ತಾನಲ್ಲ ಎಂದು ನಾನು ಶಾಲೆಯಲ್ಲಿ, ಕಾಲೇಜಿನಲ್ಲಿ, ಮದುವೆಯ ಮಂಟಪದಲ್ಲಿ ಕೂಡ ಚಿಂತಿಸಿದೆ. ಮನೆಯಿಂದ ಹೊರಡುವಾಗ ಗ್ಯಾಸಿನ ಗುಂಡಿಯನ್ನು ಮೂರು ಸಲ ನೋಡುತ್ತೇನೆಂದು ನನ್ನ ಮಕ್ಕಳು ನಗುತ್ತಾರೆ. ಲಿಫ್ಟಿನಿಂದ ನಾಲ್ಕನೇ ಸಲ ವಾಪಸು ಬಂದದ್ದು ಅವರಿಗೆ ಗೊತ್ತಿಲ್ಲ. ಖರಾಡಿಯ ಕಂಪನಿಯೊಂದರಲ್ಲಿ ನನ್ನ ಕೆಲಸ ಬೇರೆಯವರು ಮಾಡಿದ್ದನ್ನು ತಪಾಸಣೆ ಮಾಡಿ ಸರಿ ಗುರುತು ಹಾಕುವುದು. ಭಾಳ ಕಟ್ಟುನಿಟ್ಟಿನ ಹೆಂಗಸು ಎಂದು ಹೆಸರಿದೆ.

ಅಪ್ಪ ಈಗ ನಮ್ಮ ಜೊತೆಗೇ ಇದ್ದಾನೆ, ಒಂಬತ್ತನೇ ಮಹಡಿಯಲ್ಲಿ. ನನ್ನ ಮಗಳಿಗೆ ಕೆಳಗಿನ ಈಜುಕೊಳದಲ್ಲಿ ಉಸಿರು ಹಿಡಿಯುವುದನ್ನು ಕಲಿಸುತ್ತಾನೆ. ಕಳೆದ ವರ್ಷ ಒಂದು ದಿನ ಬಾಲ್ಕನಿಯಲ್ಲಿ ಕೂತಿದ್ದಾಗ, ಎಲ್ಲವನ್ನೂ ಹೇಳಿಬಿಡಬೇಕೆಂದುಕೊಂಡು ಹೇಳಿಯೂ ಬಿಟ್ಟೆ. ಬಂಬ, ಕಾಗದ, ಸೀಮೆಸುಣ್ಣ, ಒಂದೂ ಬಿಡಲಿಲ್ಲ. ಹೇಳಿ ಮುಗಿಸಿದ ಮೇಲೆ ಗಮನಿಸಿದೆ, ನಾನು ಕೂತದ್ದು ಅವನ ಎಡಗಡೆ. ಗಮನಿಸಿದೆ ಎನ್ನುವುದೂ ಸುಳ್ಳು. ಕೂರುವಾಗಲೇ ಗೊತ್ತಿತ್ತು.

“ಏನಂದಿ?” ಎಂದು ಬಲಗಿವಿ ಈ ಕಡೆ ತಿರುಗಿಸಿದ.

“ಚಳಿ ಅದ, ಒಳಗ ನಡೀರಿ ಅಂದೆ.”

ಇದನ್ನೆಲ್ಲ ಬರೆಯತೊಡಗಿದ ಮೇಲೆ, ಅವನಿಗೆ ಓದಿ ಹೇಳಬೇಕು ಎಂದು ದಿನವೂ ಅಂದುಕೊಳ್ಳುತ್ತೇನೆ, ಬಲಗಡೆ ಕೂತು. ನಿನ್ನೆ ಬೆಳಗ್ಗೆ ಹಾಳೆಗಳನ್ನು ಹಿಡಿದು ಅಡುಗೆಮನೆಗೆ ಹೋದೆ. ಅಪ್ಪ ಕಟ್ಟೆಯ ಹತ್ತಿರ ಹಾಲಿನ ಪಾತ್ರೆ ಹಿಡಿದು ನಿಂತಿದ್ದ. ಅಜ್ಜಿ ನಿಲ್ಲಿಸಿದ್ದನ್ನು ಈ ಮನೆಗೆ ಬಂದ ಮೇಲೆ ಅವನು ಮತ್ತೆ ಶುರು ಮಾಡಿದ್ದಾನೆ. ಪಾತ್ರೆಯನ್ನು ನನ್ನ ಮುಖದ ಹತ್ತಿರ ತಂದ.

“ಮೂಸು. ಹೆಂಗದ?”

ಬಹಳ ಸಣ್ಣ ಹುಳಿ. ಇಷ್ಟೇ ಇಷ್ಟು. ಬೇರೆ ಯಾರಿಗೂ ಸಿಗುತ್ತಿರಲಿಲ್ಲವೇನೋ. ಎರಡು ಲೀಟರ್ ಹಾಲು.

“ಕೆಟ್ಟದ ಅಪ್ಪಾ,” ಎಂದೆ.

ಅಪ್ಪ ‘ಖರೇನಾ?’ ಅಂತಲೂ ಕೇಳಲಿಲ್ಲ. ತಿರುಗಿ, ಅಷ್ಟನ್ನೂ ಮೋರಿಗೆ ಸುರಿದ.